ಚಿಪ್‌ಗೆ ಮೊದಲು ಅಚ್ಚಿನ ಮನೆ: ಬೆಳಕಿಗೆ ಬದಲಾಗುವ ಪಾಲಿಮರ್ ಲೇಪಗಳ ಚರಿತ್ರೆ

ಟ್ರಾನ್ಸಿಸ್ಟರಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1947ರ ಬೆಲ್ ಪ್ರಯೋಗಾಲಯದಿಂದ ಹೊರಡುತ್ತಾರೆ. ದಶಕದ ನಂತರ ಫೇರ್‌ಚೈಲ್ಡ್ ಕಂಪನಿಯಲ್ಲಿ ರೂಪುಗೊಂಡ ಪ್ಲೇನಾರ್ ವಿಧಾನದ ಬಳಿ ತುಸು ನಿಂತು, ಅಲ್ಲಿಂದ ಇಂದಿನ ಚಿಪ್‌ಗಳಿಗೆ ದಾಟುತ್ತಾರೆ. ಸಿಲಿಕಾನ್ ಬಿಲ್ಲೆಯ ಮೇಲೆ ಗೆರೆ ಮೂಡಿಸುವ ತೆಳು ಪಾಲಿಮರ್ ಲೇಪಕ್ಕೆ, ಅಂದರೆ ಫೋಟೋರೆಸಿಸ್ಟ್‌ಗೆ, ಅಲ್ಲಿ ಸಿಗುವುದು ಒಂದೆರಡು ಸಾಲು ಮಾತ್ರ. ಆ ಲೇಪವಿಲ್ಲದೆ ಒಂದೇ ಬಿಲ್ಲೆಯಲ್ಲಿ ಸಾವಿರಾರು ಟ್ರಾನ್ಸಿಸ್ಟರುಗಳನ್ನು ಒಟ್ಟಿಗೆ ಕೊರೆಯುವುದು ಸಾಧ್ಯವೇ ಇರಲಿಲ್ಲ. ಅದರ ಮೂಲವನ್ನು ಹುಡುಕಿದರೆ ಎಲೆಕ್ಟ್ರಾನಿಕ್ಸ್‌ನ ಪ್ರಯೋಗಾಲಯ ಸಿಗುವುದಿಲ್ಲ, ಮುದ್ರಣದ ಕಸುಬು ಸಿಗುತ್ತದೆ. ಲೇಪದ ಮುಖ್ಯ ಗುಣಗಳೆಲ್ಲ ಮುದ್ರಕರ ಬೇಡಿಕೆಯಿಂದ ಹುಟ್ಟಿದವು. ಚಿಪ್ ತಯಾರಕರಿಗೆ ಅವು ಬಹುಪಾಲು ಸಿದ್ಧವಾಗಿಯೇ ದೊರೆತವು ಎಂಬುದು ಈ ಲೇಖನದ ವಾದ.

ಫ್ರಾನ್ಸಿನ ನೀಸೆಫೋರ್ ನಿಯೆಪ್ಸ್ 1820ರ ದಶಕದಲ್ಲಿ ಲ್ಯಾವೆಂಡರ್ ಎಣ್ಣೆಯಲ್ಲಿ ಕರಗಿಸಿದ ಬಿಟುಮೆನ್ನನ್ನು ಲೋಹದ ತಟ್ಟೆಗೆ ಬಳಿದು, ಮೇಲೊಂದು ಚಿತ್ರವಿಟ್ಟು ಬಿಸಿಲಿಗೆ ಒಡ್ಡಿದ. ಬೆಳಕು ಬಿದ್ದ ಭಾಗ ಗಟ್ಟಿಯಾಗಿ ಉಳಿಯಿತು, ಬೀಳದ ಭಾಗ ದ್ರಾವಕದಲ್ಲಿ ತೊಳೆದುಹೋಯಿತು. ಬಯಲಾದ ಲೋಹವನ್ನು ಆಮ್ಲದಿಂದ ಕೊರೆಸಿ ಮುದ್ರಣದ ಫಲಕ ಮಾಡುವುದು ಅವನ ಗುರಿ. ಲೇಪಿಸು, ಬೆಳಕಿಗೊಡ್ಡು, ತೊಳೆ, ಕೊರೆ: ಚಿಪ್ ಕಾರ್ಖಾನೆಯ ಕ್ರಮ ಇಂದಿಗೂ ಮೂಲತಃ ಇದೇ. ಮುಂದೆ ಡೈಕ್ರೊಮೇಟ್ ಬೆರೆಸಿದ ಜೆಲಾಟಿನ್ ಬಂತು. 1852ರಲ್ಲಿ ಫಾಕ್ಸ್ ಟಾಲ್ಬಟ್ ಅದಕ್ಕೆ ಪೇಟೆಂಟ್ ಪಡೆದ. ಚಿತ್ರ ಅಚ್ಚು ಹಾಕಲು ‘ಬ್ಲಾಕ್’ ಮಾಡಿಸುತ್ತಿದ್ದ ಕಾಲದ ಸತುವಿನ ಫಲಕಗಳಿಗೆ ಆಧಾರವಾದದ್ದು ಈ ಬಗೆಯ ಡೈಕ್ರೊಮೇಟ್ ಲೇಪಗಳೇ. ಆದರೆ ಇವುಗಳಿಗೊಂದು ದೊಡ್ಡ ದೋಷವಿತ್ತು. ಕತ್ತಲಲ್ಲಿಟ್ಟರೂ ಲೇಪ ತಾನಾಗಿ ಗಟ್ಟಿಯಾಗುತ್ತಿತ್ತು, ಬಳಿದ ಫಲಕವನ್ನು ಬೇಗನೆ ಬಳಸಲೇಬೇಕಿತ್ತು. ಕೆಡದೆ ಉಳಿಯುವ, ಪ್ರತಿ ಸಲವೂ ಒಂದೇ ರೀತಿ ವರ್ತಿಸುವ ಸಂಶ್ಲೇಷಿತ ಪಾಲಿಮರ್ ಬೇಕೆಂಬ ಹುಡುಕಾಟಕ್ಕೆ ಈ ತೊಂದರೆಯೇ ಕಾರಣ.

ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯಲ್ಲಿ ಲೂಯಿ ಮಿನ್ಸ್ಕ್ ಕಂಡುಕೊಂಡ ಪಾಲಿವಿನೈಲ್ ಸಿನ್ನಮೇಟ್ ಈ ಬೇಡಿಕೆಗೆ ಉತ್ತರವಾಯಿತು. ಬೆಳಕು ಬಿದ್ದಾಗ ಅಕ್ಕಪಕ್ಕದ ಸರಪಳಿಗಳ ಸಿನ್ನಮೇಟ್ ಗುಂಪುಗಳು ಬೆಸೆದುಕೊಂಡು ಪಾಲಿಮರ್ ಕರಗದಂತಾಗುತ್ತದೆ. 1950ರ ದಶಕದಲ್ಲಿ ಇದು ‘ಕೊಡಾಕ್ ಫೋಟೋ ರೆಸಿಸ್ಟ್’ ಎಂದು ಮಾರುಕಟ್ಟೆಗೆ ಬಂದು ಬ್ಲಾಕ್ ಮಾಡುವವರಿಗೂ ಮುದ್ರಿತ ಸರ್ಕ್ಯೂಟ್ ಹಲಗೆ ಮಾಡುವವರಿಗೂ ಒದಗಿತು. 1955ರಲ್ಲಿ ಬೆಲ್ ಪ್ರಯೋಗಾಲಯದ ಜೂಲ್ಸ್ ಆಂಡ್ರಸ್ ಮತ್ತು ವಾಲ್ಟರ್ ಬಾಂಡ್ ಆ ಹಲಗೆಗಳ ತಂತ್ರವನ್ನೇ ಸಿಲಿಕಾನ್ ಆಕ್ಸೈಡಿಗೆ ಒಗ್ಗಿಸತೊಡಗಿದರು. ಸ್ವಲ್ಪದರಲ್ಲೇ ಅಮೆರಿಕದ ಸೇನೆಯ ಪ್ರಯೋಗಾಲಯವೊಂದರಲ್ಲಿ ಜೇ ಲಾಥ್ರಪ್ ಮತ್ತು ಜೇಮ್ಸ್ ನಾಲ್ ಸಿಡಿಗುಂಡಿನ ಫ್ಯೂಸಿಗೆ ಬೇಕಾದ ಪುಟ್ಟ ಟ್ರಾನ್ಸಿಸ್ಟರಿಗೆ ಕೊಡಾಕ್ ಲೇಪವನ್ನೇ ಬಳಸಿದರು.

ಹೊಂದುವ ಲೇಪ ಆಕಸ್ಮಿಕವಾಗಿ ಕೈಗೆ ಸಿಕ್ಕಿತು, ಸಿಗದಿದ್ದರೆ ಎಲೆಕ್ಟ್ರಾನಿಕ್ಸ್‌ನವರು ತಾವೇ ಮಾಡಿಕೊಳ್ಳುತ್ತಿದ್ದರು ಎಂದು ಆಕ್ಷೇಪಿಸಬಹುದು. ನಡೆದದ್ದನ್ನು ನೋಡಿದರೆ ಈ ಆಕ್ಷೇಪ ನಿಲ್ಲುವುದಿಲ್ಲ. ಕೊಡಾಕ್ ಲೇಪ ಸಿಲಿಕಾನ್ ಆಕ್ಸೈಡಿಗೆ ಸರಿಯಾಗಿ ಅಂಟದಿದ್ದಾಗ ಅವರ ಅಗತ್ಯಕ್ಕೆಂದೇ ರಬ್ಬರ್ ಮೂಲದ ಇನ್ನೊಂದು ಲೇಪ ತಯಾರಾಯಿತು. ಅದು ಚೆನ್ನಾಗಿ ಅಂಟುತ್ತಿತ್ತು, ಆದರೆ ತೊಳೆಯುವ ದ್ರಾವಕವನ್ನು ಹೀರಿ ಉಬ್ಬುತ್ತಿತ್ತು. ಗೆರೆಗಳು ಸುಮಾರು ಎರಡು ಮೈಕ್ರಾನಿಗಿಂತ ಸಣ್ಣದಾದರೆ ಒಂದಕ್ಕೊಂದು ತಾಗಿಬಿಡುತ್ತಿದ್ದವು. ಆ ಗೋಡೆಯನ್ನು ಒಡೆದದ್ದು ಮತ್ತೆ ಅಚ್ಚಿನ ಮನೆಯ ಲೇಪವೇ. ಜರ್ಮನಿಯ ವೀಸ್‌ಬಾಡೆನ್‌ನ ಕಾಲೆ ಕಂಪನಿ ನಕ್ಷೆಗಳ ಪ್ರತಿ ತೆಗೆಯುವ ಡಯಾಜೊ ಕಾಗದಕ್ಕೆ ಹೆಸರಾಗಿತ್ತು. ನಮ್ಮ ಎಂಜಿನಿಯರುಗಳ ಕಚೇರಿಗಳಲ್ಲಿ ‘ಅಮೋನಿಯ ಪ್ರಿಂಟ್’ ಎಂದು ಕರೆಯುತ್ತಿದ್ದದ್ದು ಈ ಜಾತಿಯ ಪ್ರತಿಗಳನ್ನೇ. ಅಲ್ಲಿನ ಓಸ್ಕರ್ ಸ್ಯೂಸ್ ಡಯಾಜೊನ್ಯಾಫ್ತೊಕ್ವಿನೋನ್ ಎಂಬ ಸಂಯುಕ್ತ ಬೆಳಕಿನಲ್ಲಿ ಹೇಗೆ ಬದಲಾಗುತ್ತದೆಂದು ವಿವರಿಸಿ 1944ರಲ್ಲಿ ಪ್ರಬಂಧ ಪ್ರಕಟಿಸಿದ. ಆಗ ಟ್ರಾನ್ಸಿಸ್ಟರೇ ಹುಟ್ಟಿರಲಿಲ್ಲ. ಈ ಸಂಯುಕ್ತವನ್ನು ನೊವೊಲ್ಯಾಕ್ ರಾಳದೊಡನೆ ಬೆರೆಸಿ ಆಫ್‌ಸೆಟ್ ಮುದ್ರಣದ ಫಲಕಗಳಿಗೆ ಬಳಿದರು. ನೊವೊಲ್ಯಾಕ್‌ನ ಕಥೆಯೂ ಸ್ವಾರಸ್ಯದ್ದು. ಭಾರತದ ಕಾಡುಗಳಿಂದ ಹೋಗುತ್ತಿದ್ದ ಅರಗಿಗೆ ಬದಲಿ ಹುಡುಕುತ್ತಿದ್ದ ಲಿಯೊ ಬೇಕ್‌ಲ್ಯಾಂಡ್ ಬೇಕಲೈಟಿಗಿಂತ ಮುಂಚೆ ಕೈಹಾಕಿದ ರಾಳ ಅದು. ಮೂಲದಲ್ಲೇ ಬಳಿಯುವ ವಸ್ತು.

ಬೆಳಕು ಬೀಳದ ಕಡೆ ಡಯಾಜೊ ಸಂಯುಕ್ತ ನೊವೊಲ್ಯಾಕ್ ಕ್ಷಾರದಲ್ಲಿ ಕರಗದಂತೆ ತಡೆಯುತ್ತದೆ. ಬೆಳಕು ಬಿದ್ದಲ್ಲಿ ಅದು ನೈಟ್ರೋಜನ್ ಬಿಟ್ಟು, ತೇವಾಂಶದೊಡನೆ ಕೂಡಿ ಆಮ್ಲವಾಗುತ್ತದೆ, ಆಗ ರಾಳ ಕ್ಷಾರಜಲದಲ್ಲಿ ಸಲೀಸಾಗಿ ಕರಗುತ್ತದೆ. ಉಳಿಯಬೇಕಾದ ಭಾಗ ದ್ರವವನ್ನು ಹೀರುವುದಿಲ್ಲ, ಹಾಗಾಗಿ ಉಬ್ಬುವುದೂ ಇಲ್ಲ. ಕಾಲೆಯ ಫಲಕಗಳನ್ನು ಅಮೆರಿಕದಲ್ಲಿ ಮಾರುತ್ತಿದ್ದ ಅಜೊಪ್ಲೇಟ್ ಕಂಪನಿ ನ್ಯೂಜೆರ್ಸಿಯ ಮರೆ ಹಿಲ್‌ನಲ್ಲಿತ್ತು, ಬೆಲ್ ಪ್ರಯೋಗಾಲಯ ಇದ್ದ ಊರಿನಲ್ಲೇ. ಲೇಪ ಆ ಕಂಪನಿಯ ಹೆಸರಿನ ಮೊದಲೆರಡು ಅಕ್ಷರ ಹೊತ್ತು ‘ಎಜೆಡ್’ ಎಂದೇ ಪ್ರಸಿದ್ಧವಾಯಿತು. 1970ರ ದಶಕದಲ್ಲಿ ಅದು ಚಿಪ್ ಉದ್ಯಮದ ಎಲ್ಲೆಡೆ ಹಬ್ಬಿತು.

ಶುದ್ಧತೆಯ ಮಾತು ಬೇರೆ. ಮುದ್ರಣ ಫಲಕಕ್ಕೆ ತೊಂದರೆ ಮಾಡದ ಸೋಡಿಯಂ ಅಂಶವಾಗಲಿ ಧೂಳಿನ ಕಣವಾಗಲಿ ಚಿಪ್ಪನ್ನು ಕೆಡಿಸುತ್ತದೆ. ಲೇಪವನ್ನು ಆ ಮಟ್ಟಕ್ಕೆ ಸೋಸಿ, ಬಿಲ್ಲೆಯನ್ನು ತಿರುಗಿಸಿ ಸಮನಾಗಿ ಹರಡಿದ ಶ್ರೇಯಸ್ಸು ಚಿಪ್ ತಯಾರಕರದೇ. ಅದು ಸಣ್ಣ ಸಾಧನೆಯಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಐಬಿಎಂನಿಂದ ಬರುತ್ತದೆ. ಅಲ್ಪ ತರಂಗಾಂತರದ ನೇರಳಾತೀತ ಬೆಳಕಿನಲ್ಲಿ ಕೆಲಸ ಮಾಡಲು ಹೋದಾಗ ದೀಪದಿಂದ ಸಾಕಷ್ಟು ಶಕ್ತಿ ದೊರೆಯಲಿಲ್ಲ. 1980ರ ದಶಕದ ಆರಂಭದಲ್ಲಿ ಹಿರೋಶಿ ಇಟೊ, ಗ್ರಾಂಟ್ ವಿಲ್ಸನ್, ಜಾನ್ ಫ್ರೆಶೆ ಇದಕ್ಕೊಂದು ದಾರಿ ಕಂಡರು. ಬೆಳಕು ಹುಟ್ಟಿಸಿದ ಒಂದು ಆಮ್ಲದ ಅಣು, ಬಿಸಿ ಮಾಡಿದಾಗ, ಪಾಲಿಮರಿನ ನೂರಾರು ಗುಂಪುಗಳನ್ನು ಒಂದಾದ ಮೇಲೊಂದರಂತೆ ಕತ್ತರಿಸುತ್ತದೆ. ತಾನು ಮಾತ್ರ ಖರ್ಚಾಗುವುದಿಲ್ಲ. ಈ ವರ್ಧನೆಯ ಕಲ್ಪನೆ ಚಿಪ್‌ಗೆಂದೇ ಹುಟ್ಟಿದ್ದು, ಅದಕ್ಕೆ ಮುದ್ರಣದಲ್ಲಿ ಪೂರ್ವಜರಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಆಮ್ಲ ಕೊಡುವ ಓನಿಯಂ ಲವಣಗಳು ಎಲ್ಲಿಂದ ಬಂದವು? 1970ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್‌ನ ಜೇಮ್ಸ್ ಕ್ರಿವೆಲ್ಲೊ ಅವುಗಳನ್ನು ಬೆಳೆಸಿದ್ದು ಎಪಾಕ್ಸಿಯಂಥ ಲೇಪಗಳನ್ನು ನೇರಳಾತೀತ ಬೆಳಕಿನಲ್ಲಿ ಕ್ಷಣಾರ್ಧದಲ್ಲಿ ಗಟ್ಟಿಗೊಳಿಸಲು. ಐಬಿಎಂ ತನ್ನ ಒಂದು ಮೆಗಾಬಿಟ್ ಮೆಮೊರಿ ಚಿಪ್‌ಗಳ ತಯಾರಿಕೆಯಲ್ಲಿ ಹೊಸ ಲೇಪವನ್ನು ಬಳಸಿದಾಗ, ಅದರೊಳಗಿನ ಬೀಜದ್ರವ್ಯ ಬಣ್ಣ ವಾರ್ನಿಷುಗಳ ರಸಾಯನದಿಂದ ಬಂದದ್ದಾಗಿತ್ತು.