ಅನಿಮೇಷನ್ ನೋಡಿದರೆ ಅಲ್ಗಾರಿದಂ ಅರ್ಥವಾಗುತ್ತದೆಯೇ?

ಬಣ್ಣದ ಕಂಬಗಳು ಸರಸರನೆ ಜಾಗ ಬದಲಿಸಿ, ಗಿಡ್ಡದಿಂದ ಎತ್ತರಕ್ಕೆ ಸಾಲಾಗಿ ನಿಲ್ಲುವ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ‘ಇದನ್ನು ನೋಡಿದರೆ ಸಾಕು, ಅಲ್ಗಾರಿದಂ ಅರ್ಥವಾಗುತ್ತದೆ’ ಎಂಬ ಮಾತು ಅರ್ಧ ಮಾತ್ರ ನಿಜ.

ಅರೇ ಎಂದರೆ ಒಂದರ ಪಕ್ಕ ಒಂದು ಇಟ್ಟ ಪೆಟ್ಟಿಗೆಗಳ ಸಾಲು. ಪ್ರತಿ ಪೆಟ್ಟಿಗೆಗೂ 0, 1, 2 ಎಂದು ಕ್ರಮಸಂಖ್ಯೆ ಇರುತ್ತದೆ. ಒಂದು ಬೀದಿಯ ಮನೆಗಳಂತೆ ಅಂದುಕೊಳ್ಳಿ. ಮೈಸೂರಿನ ಯಾದವಗಿರಿಯಲ್ಲಿ ಈಗ ಮ್ಯೂಸಿಯಂ ಆಗಿರುವ ಆರ್.ಕೆ. ನಾರಾಯಣ್ ಅವರ ಮನೆಯನ್ನು ನೀವು ಡೋರ್ ನಂಬರ್ ಹಿಡಿದು ಹುಡುಕುತ್ತಿದ್ದೀರಿ. ನಂಬರುಗಳು ಏರುಕ್ರಮದಲ್ಲಿದ್ದರೆ ಬೀದಿಯ ಮಧ್ಯದ ಮನೆ ನೋಡಿ, ಎಡಕ್ಕೋ ಬಲಕ್ಕೋ ತಿರುಗಿದರಾಯಿತು; ಉಳಿದ ಅರ್ಧ ಬೀದಿಯನ್ನು ಬಿಟ್ಟುಬಿಡಬಹುದು. ಇದೇ ಬೈನರಿ ಸರ್ಚ್. ಹತ್ತು ಲಕ್ಷ ಮನೆಗಳಿದ್ದರೂ ಹೆಚ್ಚೆಂದರೆ 20 ಬಾಗಿಲು ನೋಡಿದರೆ ಸಾಕು. ಆದರೆ ಹಳೇ ನಂಬರು, ಹೊಸ ನಂಬರು ಕಲಸಿಹೋಗಿದ್ದರೆ? (ನಮ್ಮ ಊರುಗಳಲ್ಲಿ ಇದೇನು ಅಪರೂಪವಲ್ಲ.)

ಇದನ್ನು ಕಣ್ಣಾರೆ ನೋಡಲು ಉಚಿತ ಸಾಧನಗಳಿವೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸ್ಟೀವನ್ ಹಾಲಿಮ್ 2011ರಲ್ಲಿ ಆರಂಭಿಸಿದ ವಿಶುಆಲ್ಗೊ ಸಿದ್ಧ ಅನಿಮೇಷನ್ ತೋರಿಸುತ್ತದೆ. ಫಿಲಿಪ್ ಗುವೊ 2010ರಲ್ಲಿ ರೂಪಿಸಿದ ಪೈಥಾನ್ ಟ್ಯೂಟರ್‌ನಲ್ಲಿ ನಮ್ಮದೇ ಕೋಡ್ ಹಾಕಿ, ಒಂದೊಂದೇ ಸಾಲು ಮುಂದಕ್ಕೆ ಹೋಗಬಹುದು, ಹಿಂದಕ್ಕೂ ಬರಬಹುದು. ಕಲಿಯುವವರಿಗೆ ನನ್ನ ಓಟು ಎರಡನೆಯದಕ್ಕೆ.

ಅದರಲ್ಲಿ ಬೈನರಿ ಸರ್ಚ್ ಕೋಡ್ ಬರೆದು ಈ ಸಾಲು ಕೊಡಿ: 42, 7, 19, 63, 30, 11, 58. ಬೇಕೆಂದೇ ಜೋಡಿಸದೆ ಬಿಟ್ಟಿದ್ದೇವೆ. ಈಗ 7 ಹುಡುಕಿ. ಮಧ್ಯದಲ್ಲಿರುವುದು 63, 7 ಅದಕ್ಕಿಂತ ಚಿಕ್ಕದು, ಎಡಕ್ಕೆ ಹೋಗು. ಎಡಭಾಗದ ಮಧ್ಯದಲ್ಲೇ 7 ಇದೆ, ಸಿಕ್ಕಿತು! ಇಲ್ಲಿಗೇ ನಿಲ್ಲಿಸಿದವರು ‘ಜೋಡಿಸದಿದ್ದರೂ ನಡೆಯುತ್ತದೆ’ ಎಂದು ನಂಬಿಬಿಡುತ್ತಾರೆ. ಮುಂದೆ 42 ಹುಡುಕಿ. 63 ನೋಡಿ ಎಡಕ್ಕೆ, 7 ನೋಡಿ ಬಲಕ್ಕೆ, ಅಲ್ಲಿ 19, ಹುಡುಕಾಟ ಮುಗಿಯಿತು. ‘42 ಇಲ್ಲ’ ಎಂಬ ಉತ್ತರ ಬರುತ್ತದೆ. 42 ಮೊದಲ ಪೆಟ್ಟಿಗೆಯಲ್ಲೇ ಕೂತಿದೆ! ಕೋಡ್ ಕೆಡಲಿಲ್ಲ, ಎರರ್ ಬರಲಿಲ್ಲ, ಉತ್ತರ ಮಾತ್ರ ಸುಳ್ಳು. ಇದು ಪರೀಕ್ಷೆಯ ಅಂಕದ ಮಾತಷ್ಟೇ ಅಲ್ಲ; ಇದೇ ತಪ್ಪು ಒಂದು ಫಲಾನುಭವಿ ಪಟ್ಟಿಯಲ್ಲಿ ಆದರೆ, ಹೆಸರು ಇದ್ದವರಿಗೂ ‘ನಿಮ್ಮ ಹೆಸರಿಲ್ಲ’ ಎಂದೇ ಬರುತ್ತದೆ.

ಅದೇ ಸಂಖ್ಯೆಗಳನ್ನು 7, 11, 19, 30, 42, 58, 63 ಎಂದು ಜೋಡಿಸಿ ಕೊಡಿ. 30, 58, 42. ಮೂರನೇ ನೋಟಕ್ಕೆ ಸಿಗುತ್ತದೆ.

ಹಾಗಾದರೆ ವಿಡಿಯೊ ನೋಡಿದರೆ ಸಾಲದೇಕೆ? ಹುಂಡ್‌ಹೌಸನ್, ಡಗ್ಲಸ್, ಸ್ಟಾಸ್ಕೊ ಎಂಬ ಸಂಶೋಧಕರು 2002ರಲ್ಲಿ ಇಂಥ 24 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದರು. ಪರದೆ ಏನು ತೋರಿಸುತ್ತದೆ ಎನ್ನುವುದಕ್ಕಿಂತ ವಿದ್ಯಾರ್ಥಿ ಅದರೊಡನೆ ಏನು ಮಾಡುತ್ತಾನೆ ಎನ್ನುವುದೇ ಕಲಿಕೆಗೆ ಹೆಚ್ಚು ಮುಖ್ಯ ಎಂಬುದು ಅವರು ಕಂಡುಕೊಂಡ ಸಂಗತಿ. ಅಂದರೆ ‘ಮುಂದೆ’ ಬಟನ್ ಒತ್ತುವ ಮೊದಲು ಮುಂದಿನ ಪೆಟ್ಟಿಗೆ ಯಾವುದು ಎಂದು ಕಾಗದದ ಮೇಲೆ ಬರೆದುಕೊಳ್ಳಬೇಕು.

ಅನಿಮೇಷನ್ ಓಡುವ ವೇಗ ನೋಡಿ ಅಲ್ಗಾರಿದಂ ವೇಗ ಅಳೆಯಬೇಡಿ. ಅದು ನಮ್ಮ ಕಣ್ಣಿಗಾಗಿ ನಿಧಾನ ಮಾಡಿದ್ದು. ಎಷ್ಟು ಹೋಲಿಕೆಗಳಾದವು ಎಂದು ಎಣಿಸಿ.

ಆ ಜೋಡಿಸದ ಸಾಲಿನಲ್ಲಿ ಏಳೂ ಸಂಖ್ಯೆಗಳನ್ನು ಒಂದೊಂದಾಗಿ ಹುಡುಕಿ ನೋಡಿ. ಸಿಗುವುದು ಮೂರೇ: 7, 19, 63.