ಜಾವಾಸ್ಕ್ರಿಪ್ಟ್ ಲೈಬ್ರರಿ ತಾನು ಓಡುತ್ತಿರುವ ಪರಿಸರವನ್ನು ಗುರುತಿಸುವ ಬಗೆ

1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿಗಾಗಿ ಬ್ರೆಂಡನ್ ಐಕ್ ರೂಪಿಸಿದ ಜಾವಾಸ್ಕ್ರಿಪ್ಟ್, 2009ರಲ್ಲಿ ರಯಾನ್ ಡಾಲ್ ತಂದ ನೋಡ್‌ನಿಂದಾಗಿ ಸರ್ವರಿನಲ್ಲೂ ಗಟ್ಟಿಯಾಗಿ ನೆಲೆಯೂರಿತು. ಎರಡೂ ಕಡೆ ಓಡಬೇಕಾದ ಲೈಬ್ರರಿಗಳಲ್ಲಿ ಆಗಲೇ ಒಂದು ಸಾಲಿನ ಪರೀಕ್ಷೆ ರೂಢಿಗೆ ಬಂತು: ‘ವಿಂಡೋ’ ಎಂಬ ಗ್ಲೋಬಲ್ ಇದ್ದರೆ ಬ್ರೌಸರ್, ಇಲ್ಲದಿದ್ದರೆ ನೋಡ್.

ಈ ಪರೀಕ್ಷೆ ಎರಡೂ ದಿಕ್ಕಿನಲ್ಲಿ ಕೈಕೊಡುತ್ತದೆ. ಬ್ರೌಸರಿನೊಳಗೇ ಓಡುವ ವೆಬ್ ವರ್ಕರಿನಲ್ಲಿ ವಿಂಡೋ ಇಲ್ಲ. ಇತ್ತ ಬ್ರೌಸರನ್ನು ಅನುಕರಿಸುವ ಜೆಎಸ್‌ಡಾಮ್ ಬಳಸುವ ಟೆಸ್ಟ್‌ಗಳಲ್ಲಿ ನೋಡ್ ಒಳಗೇ ವಿಂಡೋ ಕಾಣಿಸಿಕೊಳ್ಳುತ್ತದೆ; ಆದರೆ ಜೆಎಸ್‌ಡಾಮ್ ಪುಟದ ಲೇಔಟನ್ನು ಲೆಕ್ಕ ಹಾಕುವುದಿಲ್ಲವಾದ್ದರಿಂದ ಎಲಿಮೆಂಟಿನ ಅಳತೆ ಕೇಳಿದರೆ ಸಿಗುವುದು ಸೊನ್ನೆ. ನೋಡ್‌ನಂಥದೇ ಇನ್ನೊಂದು ರನ್‌ಟೈಮ್ ಆದ ಡೆನೋ ಕೂಡ 2024ರಲ್ಲಿ ಎರಡನೇ ಆವೃತ್ತಿ ಬರುವವರೆಗೆ ವಿಂಡೋವನ್ನು ಉಳಿಸಿಕೊಂಡಿತ್ತು. ‘ನ್ಯಾವಿಗೇಟರ್’ ನೋಡಿ ಬ್ರೌಸರ್ ಎಂದು ತೀರ್ಮಾನಿಸುತ್ತಿದ್ದ ಕೋಡ್ 2023ರ ಅಕ್ಟೋಬರಿನಲ್ಲಿ ನೋಡ್ 21 ಬಂದಾಗ ತಪ್ಪಿತು, ಏಕೆಂದರೆ ನೋಡ್ ಸಹ ಅದೇ ಹೆಸರಿನ ಗ್ಲೋಬಲ್ ಸೇರಿಸಿತು.

‘ಪ್ರೊಸೆಸ್.ವರ್ಷನ್ಸ್.ನೋಡ್’ ಇನ್ನಷ್ಟು ಗಟ್ಟಿ ಗುರುತು, ನಿಜ. ಆದರೂ ಹೊಂದಾಣಿಕೆಗಾಗಿ ಬನ್ ಎಂಬ ರನ್‌ಟೈಮ್ ಅದನ್ನು ತಾನೂ ತುಂಬಿಕೊಡುತ್ತದೆ. ಹಾಗಾಗಿ ಮೊದಲು ಬನ್, ಡೆನೋಗಳನ್ನು ವಿಚಾರಿಸಿ, ನೋಡ್‌ನ ಪ್ರಶ್ನೆಯನ್ನು ಆಮೇಲೆ ಎತ್ತಬೇಕು. ಅಪರೂಪದ ಗುರುತು ಮುಂದೆ, ಎಲ್ಲರಲ್ಲೂ ಇರುವ ಗುರುತು ಹಿಂದೆ.

ಅದಕ್ಕಿಂತ ಮುಖ್ಯವಾಗಿ, ಬಹುಪಾಲು ಲೈಬ್ರರಿಗಳಿಗೆ ರನ್‌ಟೈಮಿನ ಹೆಸರೇ ಬೇಕಿಲ್ಲ. ವಿಶಿಷ್ಟ ಗುರುತುಸಂಖ್ಯೆ ತಯಾರಿಸುವ ಯುಯುಐಡಿ ಲೈಬ್ರರಿಯನ್ನೇ ನೋಡಬಹುದು. ಅದಕ್ಕೆ ಬೇಕಾದದ್ದು ಊಹಿಸಲಾಗದ ಯಾದೃಚ್ಛಿಕ ಸಂಖ್ಯೆ, ಅಂದರೆ ‘ಕ್ರಿಪ್ಟೋ.ಗೆಟ್‌ರ‍್ಯಾಂಡಮ್‌ವ್ಯಾಲ್ಯೂಸ್’. ಬ್ರೌಸರಿನಲ್ಲೂ ವರ್ಕರಿನಲ್ಲೂ ಅದು ಸಿಗುತ್ತದೆ. ನೋಡ್ 19ರಿಂದ ಫ್ಲ್ಯಾಗ್ ಇಲ್ಲದೆಯೇ ಗ್ಲೋಬಲ್ ಆಗಿದೆ. ರಿಯಾಕ್ಟ್ ನೇಟಿವ್‌ನಲ್ಲಿ ಮಾತ್ರ ಪಾಲಿಫಿಲ್ ಹಾಕಿಕೊಳ್ಳಬೇಕಾಗುತ್ತದೆ. ‘ಗ್ಲೋಬಲ್‌ದಿಸ್’ ಮೇಲೆ ಆ ಫಂಕ್ಷನ್ ಇದೆಯೇ ಎಂದು ನೇರವಾಗಿ ಕೇಳಿದರೆ ನಾಳೆ ಹುಟ್ಟುವ ರನ್‌ಟೈಮಿನಲ್ಲೂ ಕೋಡ್ ನಡೆಯುತ್ತದೆ. ಇಲ್ಲದಿದ್ದಾಗ ‘ಮ್ಯಾಥ್.ರ‍್ಯಾಂಡಮ್’ಗೆ ಸದ್ದಿಲ್ಲದೆ ಜಾರುವುದು ಅಪಾಯ: ಭದ್ರತೆ ಕಳೆದುಹೋದದ್ದು ಯಾರಿಗೂ ತಿಳಿಯುವುದಿಲ್ಲ. ಅಲ್ಲಿ ಸ್ಪಷ್ಟವಾದ ಎರರ್ ಎಸೆಯುವುದೇ ಬಳಕೆದಾರನಿಗೆ ಮಾಡುವ ಉಪಕಾರ.

ಫೈಲ್ ಓದುವಂಥ ಕೆಲಸಕ್ಕೆ ಮಾತ್ರ ಪರಿಸರಕ್ಕೊಂದು ಕೋಡ್ ಬೇಕೇಬೇಕು. ಆ ಆಯ್ಕೆಯನ್ನು ‘ಪ್ಯಾಕೇಜ್.ಜೆಸನ್’ನ ‘ಎಕ್ಸ್‌ಪೋರ್ಟ್ಸ್’ ವಿಭಾಗಕ್ಕೆ ಒಪ್ಪಿಸಿದರೆ ಬ್ರೌಸರಿನ ಬಂಡಲಿಗೆ ನೋಡ್‌ನ ಕೋಡ್ ಸೇರುವುದೇ ಇಲ್ಲ. ಅಲ್ಲಿಯೂ ಮೇಲಿನಿಂದ ಕೆಳಕ್ಕೆ ಮೊದಲು ಹೊಂದಿದ ಷರತ್ತೇ ಗೆಲ್ಲುತ್ತದೆ. ಬನ್, ‘ನೋಡ್’ ಷರತ್ತನ್ನೂ ಒಪ್ಪುವುದರಿಂದ ‘ಬನ್’ ಸಾಲು ಅದಕ್ಕಿಂತ ಮೇಲಿರಬೇಕು, ‘ಡಿಫಾಲ್ಟ್’ ಕಟ್ಟಕಡೆಗೆ. ಸ್ಕ್ರಿಪ್ಟ್ ಟ್ಯಾಗಿನಿಂದ ನೇರವಾಗಿ ಲೋಡ್ ಆಗುವ ಒಂಟಿ ಫೈಲಿಗೆ ಈ ಅನುಕೂಲ ದಕ್ಕುವುದಿಲ್ಲ. ಅದು ಓಡುವಾಗಲೇ ಪರೀಕ್ಷಿಸಬೇಕು.