ವಿಕಿರಣ ಚಿಕಿತ್ಸಾ ತಂತ್ರಜ್ಞರ ಆಸ್ಪತ್ರೆ ತರಬೇತಿ

ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುವ ತಂತ್ರಜ್ಞರಾಗಲು ಓದುತ್ತಿರುವವರು ಆಸ್ಪತ್ರೆಯ ರೇಡಿಯೊಥೆರಪಿ ವಿಭಾಗದಲ್ಲಿ, ಅನುಭವಿಗಳ ಕಣ್ಣೆದುರೇ ಪಡೆಯುವ ತರಬೇತಿ. ಭಾರತದಲ್ಲಿ ಬಿ.ಎಸ್ಸಿ. ಓದಿನ ಕೊನೆಗೆ ಸಾಮಾನ್ಯವಾಗಿ 1 ವರ್ಷದ ಇಂಟರ್ನ್‌ಶಿಪ್ ಇರುತ್ತದೆ. 2021ರ ಕೇಂದ್ರ ಕಾಯ್ದೆಯೊಂದು ಈ ವೃತ್ತಿಗೆ ಕಾನೂನಿನ ಮಾನ್ಯತೆ ಕೊಟ್ಟಿದೆ. ವಿಕಿರಣ ಸುರಕ್ಷತೆಯ ನಿಯಮಗಳು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯವು.

ಕೈಗೆ ಕಷ್ಟವಾಗಿ ಒಗ್ಗುವ ಕೆಲಸವೆಂದರೆ ಮಾಸ್ಕ್ ತಯಾರಿ. ತಲೆ, ಕುತ್ತಿಗೆಯ ಚಿಕಿತ್ಸೆಗೆ ಬಂದವರ ತಲೆ ಅಲುಗದಿರಲು ಥರ್ಮೋಪ್ಲಾಸ್ಟಿಕ್ ಹಾಳೆಯನ್ನು ಸುಮಾರು 70 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಮೆದುವಾಗಿಸಿ, ನೀರೊರೆಸಿ, ಮುಖದ ಮೇಲೆ ಎಳೆದು ಕೂರಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗುವುದರಿಂದ ಮೂಗು, ಗಲ್ಲದ ಸುತ್ತ ಬೆರಳುಗಳು ಬೇಗ ಓಡಬೇಕು. "ಉಸಿರಾಡೋಕೆ ತೊಂದರೆ ಆಗಲ್ಲಮ್ಮಾ, ಕೈ ಎತ್ತಿದರೆ ತಕ್ಷಣ ತೆಗಿತೀವಿ" ಎಂದು ಮೊದಲೇ ಹೇಳಿ ಧೈರ್ಯ ತುಂಬುವುದೂ ಅಷ್ಟೇ ಮುಖ್ಯವಾದ ಕಲಿಕೆ.

ಮುಂದಿನದು ವಿಕಿರಣ ಹಾಯಿಸುವ ಯಂತ್ರವಾದ ಲೀನಿಯರ್ ಆಕ್ಸಿಲರೇಟರ್‌ನ ಕೋಣೆ. ಗೋಡೆಯಿಂದ ಬೀಳುವ ಲೇಸರ್ ಗೆರೆಗಳಿಗೆ ಮೈಮೇಲಿನ ಗುರುತುಗಳನ್ನು ಹೊಂದಿಸಬೇಕು. ಹಲವು ಚಿಕಿತ್ಸೆಗಳಲ್ಲಿ ದಿನಕ್ಕೆ 2 ಗ್ರೇ (ವಿಕಿರಣ ಪ್ರಮಾಣದ ಏಕಮಾನ) ಲೆಕ್ಕದಲ್ಲಿ ವಾರಕ್ಕೆ 5 ದಿನ, ಹಲವು ವಾರ ವಿಕಿರಣ ಕೊಡುವುದರಿಂದ ಪ್ರತಿದಿನವೂ ಅದೇ ಜಾಗ, ಅದೇ ಭಂಗಿ ಬರಬೇಕು. ಬಂದವರು ಸರಿಯಾದ ರೋಗಿಯೇ ಎಂದು ಖಚಿತಪಡಿಸಿಕೊಳ್ಳಲು "ನೀವು ಲಕ್ಷ್ಮಮ್ಮನವರಾ?" ಎಂದು ಕೇಳುವುದು ತಪ್ಪು. ಹೆದರಿದವರು ಯಾವ ಹೆಸರಿಗೂ ಹೂಂ ಅಂದುಬಿಡಬಹುದು. "ನಿಮ್ಮ ಹೆಸರು ಹೇಳಿ" ಎನ್ನಬೇಕು.

ವಿದ್ಯಾರ್ಥಿ ತನಗೆ ತಾಕುವ ವಿಕಿರಣ ಅಳೆಯುವ ಟಿ.ಎಲ್.ಡಿ. ಬ್ಯಾಡ್ಜನ್ನು ಎದೆಗೆ ಧರಿಸಿರುತ್ತಾನೆ ಅಥವಾ ಧರಿಸಿರುತ್ತಾಳೆ. ಚಿಕಿತ್ಸೆ ಶುರುವಾಗುವ ಮುನ್ನ ಕೋಣೆಯಿಂದ ಕೊನೆಗೆ ಹೊರಬರುವವರು ಒಳಗೆ ರೋಗಿಯ ಹೊರತು ಯಾರೂ ಇಲ್ಲವೆಂದು ನೋಡಿಯೇ ಬಾಗಿಲು ಮುಚ್ಚುತ್ತಾರೆ.